ಮೋಟಾರ್ ಇಲ್ಲದ ಕಿಹಾ ತಗೊಂಡ್ಬಿಟ್ಟಿದೀನಿ, ಈಗ ಮೋಟಾರ್ ಕೂರಿಸಬಹುದಾ?

ಓದುಗರ ಪ್ರಶ್ನೆ: ಜಪಾನಿನ ಎನ್ ಗೇಜ್ (9 ಮಿಲಿಮೀಟರ್ ಅಗಲದ ಪುಟ್ಟ ಹಳಿ ಮೇಲೆ ಓಡೋ) ಕಿಹಾ 28 ಡೀಸೆಲ್ ರೈಲ್‌ಕಾರ್ ಮಾಡೆಲ್ ಸೆಕೆಂಡ್ ಹ್ಯಾಂಡಲ್ಲಿ ಕಮ್ಮಿಗೆ ಸಿಕ್ತು ಅಂತ ತಗೊಂಡೆ. ಟ್ರ್ಯಾಕ್ ಮೇಲಿಟ್ರೆ ಲೈಟ್ ಹತ್ತುತ್ತೆ, ಗಾಡಿ ಮಾತ್ರ ಅಲ್ಲಾಡಲ್ಲ. ಒಳಗೆ ಮೋಟಾರೇ ಇಲ್ವಂತೆ. ಇದಕ್ಕೆ ಮೋಟಾರ್ ಹಾಕಬಹುದಾ, ಇಲ್ಲ ದುಡ್ಡು ದಂಡ ಆಯ್ತಾ?

ದಂಡ ಏನೂ ಆಗಿಲ್ಲ, ಸಮಾಧಾನ ಮಾಡ್ಕೊಳ್ಳಿ. ನಿಮ್ಮ ಹತ್ರ ಇರೋದು ಟಿ ಬೋಗಿ, ಅಂದ್ರೆ ಎಳೆಸಿಕೊಂಡು ಹೋಗೋ ಬೋಗಿ. ಮೋಟಾರ್ ಇರೋದಕ್ಕೆ ಎಂ ಅಂತಾರೆ. ಕಂಪನಿಯವರು ಬೇಕಂತಲೇ ಹೀಗೆ ಎರಡು ಥರ ಮಾಡಿ ಮಾರ್ತಾರೆ, ಯಾಕಂದ್ರೆ ಮೂರು ನಾಲ್ಕು ಬೋಗಿ ಸೇರಿಸಿ ಓಡಿಸೋವಾಗ ಒಂದಕ್ಕೆ ಮೋಟಾರ್ ಇದ್ರೆ ಸಾಕು, ಉಳಿದವು ಅದರ ಹಿಂದೆ ಆರಾಮಾಗಿ ಹೋಗ್ತವೆ. ಟಿ ಬೋಗಿಗೆ ರೇಟೂ ಕಮ್ಮಿ, ನಿಮಗೆ ಅಗ್ಗಕ್ಕೆ ಸಿಕ್ಕಿದ್ದಕ್ಕೂ ಅದೇ ಕಾರಣ ಇರಬೇಕು.

ನೇರವಾಗಿ ಹೇಳ್ಬೇಕಂದ್ರೆ ಸುಮ್ನೆ ಒಂದು ಮೋಟಾರ್ ತಂದು ಒಳಗೆ ತುರುಕೋ ಕೆಲಸಕ್ಕೆ ಹೋಗ್ಬೇಡಿ. ಒಂದು ಕಿಹಾ 58 ಎಂ ಬೋಗಿ ಹುಡುಕಿ ಇದರ ಜೊತೆ ಸೇರಿಸಿ. ಇದು ದುಡ್ಡು ಉಳಿಸೋ ಸಲಹೆ ಅಂತಲ್ಲ, ನಿಜವಾದ ರೈಲಲ್ಲೂ ಈ ಎರಡು ಜೋಡಿಯಾಗೇ ಓಡ್ತಿದ್ವು, ಅದರ ಕಥೆ ಚೆನ್ನಾಗಿದೆ ಕೇಳಿ.

ಡೀಸೆಲ್ ರೈಲ್‌ಕಾರ್ ಅಂದ್ರೆ ಮುಂದೆ ಬೇರೆ ಎಂಜಿನ್ ಕಟ್ಟೋ ಗಾಡಿ ಅಲ್ಲ, ಜನ ಕೂರೋ ಬೋಗಿಗೇ ಎಂಜಿನ್ ಇರೋದು. ಮೀಟರ್ ಗೇಜ್ ಕಾಲದಲ್ಲಿ ಶಿವಮೊಗ್ಗ-ತಾಳಗುಪ್ಪ ಲೈನಲ್ಲಿ ರೈಲ್‌ಬಸ್ ಹತ್ತಿದೋರಿಗೆ ಇದನ್ನ ವಿವರಿಸೋದೇ ಬೇಡ. ಜಪಾನಿನ ಸರ್ಕಾರಿ ರೈಲ್ವೆ ಗುಡ್ಡಗಾಡಿನ, ಕರೆಂಟ್ ತಂತಿ ಇಲ್ಲದ ಲೈನುಗಳಲ್ಲಿ ಎಕ್ಸ್‌ಪ್ರೆಸ್ ಓಡಿಸೋಕೆ ಅಂತ 1961ರಿಂದ 1969ರವರೆಗೆ ಕಿಹಾ 58 ಸೀರೀಸ್ ಕಟ್ಟಿಸ್ತು, ಒಟ್ಟು 1,800ಕ್ಕೂ ಹೆಚ್ಚು ಬೋಗಿ. ಎಂಜಿನ್ ಡಿಎಂಎಚ್17ಎಚ್, ಒಂದಕ್ಕೆ 180 ಅಶ್ವಶಕ್ತಿ. ಕಿಹಾ 58ಕ್ಕೆ ಇಂಥವು ಎರಡು, ನಿಮ್ಮ ಕಿಹಾ 28ಕ್ಕೆ ಒಂದೇ. ಏರು ಹತ್ತೋಕೆ ಎರಡು ಎಂಜಿನ್ನೇ ಬೇಕು, ಹಂಗಿದ್ಮೇಲೆ ಒಂದು ಎಂಜಿನ್ ಇರೋದನ್ನ ಯಾಕೆ ಇಟ್ಕೊಂಡ್ರು ಅಂತ ಅನ್ಸುತ್ತೆ ಅಲ್ವಾ? ಸಮತಟ್ಟಾದ ಲೈನಿಗೆ ಅಷ್ಟು ಶಕ್ತಿ ಬೇಕಿರ್ಲಿಲ್ಲ ಅನ್ನೋದು ಒಂದು. ಆಮೇಲೆ ಎಸಿ ಹಾಕೋ ಕಾಲ ಬಂದಾಗ ಇನ್ನೊಂದು ಅನುಕೂಲ ಆಯ್ತು: ಎಸಿಗೆ ಕರೆಂಟ್ ಬೇಕು, ಕರೆಂಟಿಗೆ ಜನರೇಟರ್ ಬೇಕು, ಕಿಹಾ 58ರ ಕೆಳಗೆ ಎರಡು ಎಂಜಿನ್ ಕೂತ್ಮೇಲೆ ಜನರೇಟರ್‌ಗೆ ಜಾಗಾನೇ ಇಲ್ಲ, ಕಿಹಾ 28ರ ಕೆಳಗೆ ಮಾತ್ರ ಜಾಗ ಇತ್ತು. ಅಲ್ಲಿ ಕೂರಿಸಿದ ಜನರೇಟರ್ ತನ್ನನ್ನೂ ಸೇರಿಸಿ ಮೂರು ಬೋಗಿಯ ಎಸಿ ನಡೆಸ್ತಿತ್ತು. ಹಾಗಾಗಿ ಒಬ್ಬನ ಹತ್ರ ಶಕ್ತಿ, ಇನ್ನೊಬ್ಬನ ಹತ್ರ ತಂಪು, ಇಬ್ರೂ ಸೇರಿದ್ರೇನೆ ಸಂಸಾರ. ಅದೂ ಅಲ್ದೆ ಎರಡಕ್ಕೂ ಡ್ರೈವರ್ ಕ್ಯಾಬಿನ್ ಒಂದೇ ಕಡೆ ಇರೋದು, ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದ್ರೆ ಎರಡು ಬೋಗಿಯ ಚೊಕ್ಕ ಟ್ರೈನ್ ಆಗುತ್ತೆ. ಕಿಹಾ 28 ಒಂದನ್ನೇ ಓಡಿಸಿದ್ರೆ ನೋಡೋಕೂ ಅರ್ಧಂಬರ್ಧ ಅನ್ಸುತ್ತೆ.

ಇನ್ನು ಮೋಟಾರ್ ಯಾಕೆ ತುರುಕಬಾರದು ಅಂದ್ರೆ, ಎನ್ ಗೇಜಲ್ಲಿ ಮೋಟಾರ್ ಅನ್ನೋದು ಬಿಡಿ ಸಾಮಾನಲ್ಲ, ಇಡೀ ಚಾಸಿನೇ ಅದಕ್ಕೋಸ್ಕರ ಬೇರೆ ಮಾಡಿರ್ತಾರೆ. ಜಪಾನಿನ ಎನ್ ಗೇಜ್ 1:150 ಸ್ಕೇಲು, ನಿಜವಾದ 21.3 ಮೀಟರ್ ಬೋಗಿ ನಿಮ್ಮ ಕೈಲಿ 142 ಮಿಲಿಮೀಟರ್ ಅಷ್ಟೇ. ಎಂ ಬೋಗಿ ಬಿಚ್ಚಿ ನೋಡಿದ್ರೆ ಮಧ್ಯದಲ್ಲಿ ಮೋಟಾರ್, ಅದರ ಎರಡು ಕಡೆಯಿಂದ ಸಣ್ಣ ಶಾಫ್ಟ್, ಶಾಫ್ಟ್ ತುದಿಗೆ ವರ್ಮ್ ಗೇರ್, ಅದು ಕೆಳಗಿನ ನಾಲ್ಕು ಚಕ್ರದ ಟ್ರಕ್ಕಿನ (ಚಕ್ರ ಕೂರಿಸಿರೋ ಚೌಕಟ್ಟಿನ) ಗೇರನ್ನ ತಿರುಗಿಸುತ್ತೆ, ಚಕ್ರದಿಂದ ಮೋಟಾರಿಗೆ ಕರೆಂಟ್ ತಲುಪಿಸೋಕೆ ಉದ್ದಕ್ಕೂ ತಾಮ್ರದ ಪಟ್ಟಿ, ಹಿಡಿತಕ್ಕೆ ತೂಕದ ಲೋಹ, ಜಾರಬಾರದು ಅಂತ ಒಂದೆರಡು ಚಕ್ರಕ್ಕೆ ರಬ್ಬರ್ ರಿಂಗ್. ಟಿ ಬೋಗಿಯಲ್ಲಿ ಇದ್ಯಾವುದೂ ಇಲ್ಲ, ಒಂದು ತಟ್ಟೆ, ಅದರ ಮೇಲೆ ತೂಕ, ಸೀಟು, ಲೈಟಿಗೆ ಬೇಕಾದಷ್ಟು ಪಟ್ಟಿ. ಇದನ್ನ ಕೊರೆದು ಮೋಟಾರ್ ಕೂರಿಸಿ, ಗೇರ್ ಇರೋ ಟ್ರಕ್ ಹುಡುಕಿ, ಶಾಫ್ಟ್ ಅಳತೆ ಹೊಂದಿಸಿ, ಕಿರ್ರ್ ಅನ್ನದ ಹಾಗೆ ನೇರ ಮಾಡೋವಷ್ಟರಲ್ಲಿ ಹಳೇ ಎಂ ಬೋಗಿಯ ದುಡ್ಡಿಗಿಂತ ಜಾಸ್ತಿ ಖರ್ಚಾಗಿರುತ್ತೆ. ಲೇತ್ ಇಟ್ಕೊಂಡಿರೋ ಪುಣ್ಯಾತ್ಮರು ಮಾಡ್ತಾರೆ, ಮಾಡ್ಲಿ.

ಎಂ ಬೋಗಿ ತಗೊಳ್ಳೋವಾಗ ಡಬ್ಬಿ ನಂಬಬೇಡಿ, ಸೆಕೆಂಡ್ ಹ್ಯಾಂಡಲ್ಲಿ ಡಬ್ಬಿ ಒಂದು ಬೋಗಿ ಇನ್ನೊಂದು ಆಗಿರೋದು ಮಾಮೂಲಿ. ಕೈಲಿ ಹಿಡಿದ್ರೆ ತೂಕದಲ್ಲೇ ಗೊತ್ತಾಗುತ್ತೆ, ಚಕ್ರ ಬೆರಳಲ್ಲಿ ತಿರುಗಿಸಿದ್ರೆ ಟಿ ಬೋಗಿದು ಸಲೀಸಾಗಿ ತಿರುಗುತ್ತೆ, ಎಂ ಬೋಗಿದು ಗೇರ್ ಹಿಡ್ಕೊಂಡು ತಿರುಗಲ್ಲ. ಫೋಟೋ ಮಾತ್ರ ಇದ್ರೆ ಕಿಟಕಿ ಒಳಗೆ ನೋಡಿ, ಮಧ್ಯದಲ್ಲಿ ಸೀಟಿನ ಬದಲು ಮೋಟಾರಿನ ಗಟ್ಟಿ ಉಬ್ಬು ಕಂಡ್ರೆ ಎಂ. ಬೋಗಿಯ ತಳದ ಫೋಟೋ ಕಳಿಸಿ ಅಂತ ಮಾರೋರನ್ನ ಕೇಳಿ, ರಬ್ಬರ್ ರಿಂಗ್ ಇರೋ ಚಕ್ರ ಕಾಣಬೇಕು. ರಿಂಗ್ ಒಣಗಿ ಬಿರುಕು ಬಿಟ್ಟಿದ್ರೆ ಹೆದರಬೇಡಿ, ಅದು ಬಿಡಿಯಾಗಿ ಸಿಗುತ್ತೆ.

ಎಲ್ಲರೂ ಎಡವೋ ಜಾಗ ಕಪ್ಲರ್, ಅಂದ್ರೆ ಬೋಗಿಗೆ ಬೋಗಿ ಜೋಡಿಸೋ ಕೊಕ್ಕೆ. ಕಾಟೋದವರ ಕಿಹಾ 58 ತಂದು ತೋಮಿಕ್ಸ್ ಕಿಹಾ 28ಕ್ಕೆ ಸಿಕ್ಕಿಸ್ತೀನಿ ಅಂದ್ರೆ ಎಷ್ಟೋ ಸಲ ಸೇರೋದೇ ಇಲ್ಲ. ಹಳೇ ಮಾಡೆಲ್‌ಗಳಲ್ಲಿ ಎರಡೂ ಕಂಪನಿಯಲ್ಲಿ ಆರ್ನಾಲ್ಡ್ ಕಪ್ಲರ್ ಅನ್ನೋ ದಪ್ಪ ಕೊಕ್ಕೆ ಇರುತ್ತೆ, ಅದು ಯಾರ ಜೊತೆ ಬೇಕಾದ್ರೂ ಸೇರುತ್ತೆ ಆದ್ರೆ ಎರಡು ಬೋಗಿ ಮಧ್ಯೆ ಬೆರಳು ತೂರಿಸೋವಷ್ಟು ಗ್ಯಾಪ್, ನೋಡೋಕೆ ಚೆಂದ ಇಲ್ಲ. ಹೊಸದರಲ್ಲಿ ತೋಮಿಕ್ಸ್‌ದು ಟಿಎನ್ ಕಪ್ಲರ್, ಟ್ರಕ್ಕಿಗಲ್ಲ ಬೋಗಿಯ ತಳಕ್ಕೇ ಸಿಕ್ಕಿಸಿರ್ತಾರೆ. ಕಾಟೋದು ಅವರದೇ ಬೇರೆ. ನನ್ನ ಮಾತು ಕೇಳೋದಾದ್ರೆ ಜೋಡಿ ಮಾಡೋವಾಗ ಒಂದೇ ಕಂಪನಿ, ಆದಷ್ಟು ಒಂದೇ ಕಾಲದ ಮಾಡೆಲ್ ತಗೊಳ್ಳಿ, ಕೆನೆ ಕೆಂಪು ಬಣ್ಣದ ಶೇಡ್ ಕೂಡ ಒಬ್ಬೊಬ್ಬರದು ಒಂದೊಂದು ಥರ, ಪಕ್ಕಪಕ್ಕ ಇಟ್ರೆ ಕಣ್ಣಿಗೆ ಹೊಡೆಯುತ್ತೆ.

ಮುಂದೆ ಆಸೆ ಹೆಚ್ಚಾಗಿ ಎರಡು ಎಂ ಬೋಗಿ ಒಂದೇ ಟ್ರೈನಲ್ಲಿ ಹಾಕ್ತೀನಿ ಅಂದ್ರೆ ಮೊದಲು ಎರಡನ್ನೂ ಬೇರೆ ಬೇರೆಯಾಗಿ ಅದೇ ಟ್ರ್ಯಾಕಲ್ಲಿ, ನಾಬ್ ಅದೇ ಜಾಗದಲ್ಲಿಟ್ಟು ಓಡಿಸಿ ನೋಡಿ. ವೇಗ ಹತ್ತಿರ ಹತ್ತಿರ ಇದ್ರೆ ಪರವಾಗಿಲ್ಲ. ಒಂದು ಓಡಿ ಇನ್ನೊಂದು ತೆವಳಿದ್ರೆ ಸೇರಿಸಬೇಡಿ, ಒಂದು ತಳ್ಳಿ ಇನ್ನೊಂದು ತಡೆದು ತಿರುವಲ್ಲಿ ಹಳಿ ತಪ್ಪುತ್ತೆ, ರಬ್ಬರ್ ರಿಂಗೂ ಸವೆಯುತ್ತೆ. ಒಂದಕ್ಕೆ ಫ್ಲೈವೀಲ್ (ಮೋಟಾರ್ ಜೊತೆ ತಿರುಗೋ ಭಾರದ ಚಕ್ರ) ಇದ್ದು ಇನ್ನೊಂದಕ್ಕೆ ಇಲ್ದಿದ್ರೂ ಇದೇ ತಾಪತ್ರಯ, ನಿಲ್ಲಿಸೋವಾಗ ಒಂದು ಗಕ್ಕನೆ ನಿಲ್ಲುತ್ತೆ ಇನ್ನೊಂದು ಇನ್ನಷ್ಟು ದೂರ ಉರುಳುತ್ತೆ.

ಸರಿ, ನಿಮಗೆ ಜೋಡಿ ಬೇಡ, ಇದೇ ಬಾಡಿ ಓಡಬೇಕು ಅನ್ನೋ ಹಠ ಇದೆ ಅಂತಿಟ್ಕೊಳ್ಳಿ. ಆಗ ಬಾಡಿ ಅದಲು ಬದಲು ಮಾಡಬಹುದು, ಅದೇ ಕಂಪನಿಯ ಅದೇ ಸೀರೀಸ್ ಎಂ ಬೋಗಿಯ ಚಾಸಿ ಮೇಲೆ ನಿಮ್ಮ ಬಾಡಿ ಸಾಮಾನ್ಯವಾಗಿ ಕೂರುತ್ತೆ. ಬಾಡಿ ಮತ್ತು ಚಾಸಿ ನಡುವೆ ಹಳೇ ಎಟಿಎಂ ಕಾರ್ಡ್ ಕತ್ತರಿಸಿ ಸೀಳು ಮಾಡ್ಕೊಂಡು ಎರಡು ಕಡೆಯಿಂದ ತೂರಿಸಿ, ಬಾಡಿ ಸ್ವಲ್ಪ ಅಗಲ ಆದ ತಕ್ಷಣ ಚಾಸಿ ಕೆಳಗೆ ಜಾರುತ್ತೆ. ಸ್ಕ್ರೂ ಡ್ರೈವರ್ ಹಾಕಿ ಎಬ್ಬೋಕೆ ಹೋಗ್ಬೇಡಿ, ಬಣ್ಣ ಕಿತ್ತು ಬರುತ್ತೆ, ಕಿಟಕಿ ಗಾಜಿನ ಕೊಕ್ಕೆ ಮುರಿಯುತ್ತೆ. ವಾಪಸ್ ಹಾಕೋವಾಗ ಕ್ಯಾಬಿನ್ ಯಾವ ಕಡೆ ಅಂತ ನೋಡ್ಕೊಳ್ಳಿ, ಲೈಟಿನ ಬೋರ್ಡ್ ಚಾಸಿಯಲ್ಲಿರುತ್ತೆ, ಬೆಳಕು ಹಾಯಿಸೋ ಪ್ಲಾಸ್ಟಿಕ್ ತುಂಡು ಬಾಡಿಯಲ್ಲಿರುತ್ತೆ, ತಿರುಗಮುರುಗ ಹಾಕಿದ್ರೆ ಲೈಟ್ ಗೋಡೆಗೆ ಹತ್ತುತ್ತೆ.

ಆದ್ರೆ ಕಿಹಾ 58ರ ಚಾಸಿ ಮೇಲೆ ಕಿಹಾ 28ರ ಬಾಡಿ ಇಟ್ರೆ ಒಂದು ತಕರಾರಿದೆ. ಮೇಲೆ ಹೇಳಿದ್ನಲ್ಲ, 58ರ ಕೆಳಗೆ ಎರಡು ಎಂಜಿನ್, 28ರ ಕೆಳಗೆ ಒಂದು ಎಂಜಿನ್ ಪಕ್ಕ ಜನರೇಟರ್. ಅದು ಮಾಡೆಲಲ್ಲೂ ನೆಲದ ಕೆಳಗೆ ಅಚ್ಚು ಹಾಕಿರ್ತಾರೆ. ಓಡೋವಾಗ ಯಾರೂ ಬಗ್ಗಿ ನೋಡಲ್ಲ ನಿಜ, ಶೋಕೇಸಲ್ಲಿ ಇಟ್ಟಾಗ ಮಾತ್ರ ಗೊತ್ತಿರೋರು ಮೊದಲು ನೋಡೋದೇ ಅಲ್ಲಿ. ಹಾಗಾಗಿ ಬಾಡಿ ಬದಲಾವಣೆ 58ಕ್ಕೆ 58 ಮಾಡೋದು ಒಳ್ಳೇದು, ಅಂದ್ರೆ ಬಣ್ಣ ಇಷ್ಟ ಆದ 58 ಟಿ ಬೋಗಿಗೆ ಬೇರೆ ಬಣ್ಣದ 58 ಎಂ ಚಾಸಿ. ಉಳಿದ ಬಾಡಿ ಉಳಿದ ಚಾಸಿ ಸೇರಿದ್ರೆ ಅದೂ ಒಂದು ಪೂರ್ತಿ ಟಿ ಬೋಗಿ ಆಯ್ತು, ಏನೂ ಬಿಸಾಡೋ ಹಾಗಿಲ್ಲ.

ಒಂಟಿಯಾಗಿ ಓಡೋ ರೈಲ್‌ಕಾರೇ ಬೇಕು ಅನ್ನೋರಿಗೆ ನಾನು ಹೇಳೋದು ಕಿಹಾ 40. ಎರಡೂ ತುದಿಗೆ ಕ್ಯಾಬಿನ್, ಹಳ್ಳಿ ಲೈನಿನ ಒಂದೇ ಬೋಗಿ ಗಾಡಿ. 1977ರಿಂದ 1982ರವರೆಗೆ ಕಿಹಾ 40, 47, 48 ಸೇರಿ 888 ಕಟ್ಟಿದ್ರು. ಸುಮಾರು 36-37 ಟನ್ ತೂಕಕ್ಕೆ 220 ಅಶ್ವಶಕ್ತಿಯ ಒಂದೇ ಎಂಜಿನ್, ಏರಲ್ಲಿ ಉಸ್ಸಪ್ಪಾ ಅಂತ ಹತ್ತೋದು. ಆಗ ರೈಲ್ವೆಗೆ ದುಡ್ಡಿನ ಮುಗ್ಗಟ್ಟು, ಎರಡು ಬಣ್ಣ ಬಳಿಯೋ ಖರ್ಚೂ ಬೇಡ ಅಂತ ಒಂದೇ ಕಿತ್ತಳೆಗೆಂಪು ಬಳಿದ್ರು, ಜಪಾನಿನ ರೈಲು ಹುಚ್ಚರು ಅದಕ್ಕೆ ಮೀನಿನ ಮೊಟ್ಟೆಯ ಹೆಸರಿಟ್ಟು ತರಾಕೋ ಅಂತ ಕರೆದ್ರು. 1987ರಲ್ಲಿ ರೈಲ್ವೆ ಒಡೆದು ಜೆಆರ್ ಕಂಪನಿಗಳಾದ ಮೇಲೆ ಒಬ್ಬೊಬ್ಬರು ಒಂದೊಂದು ಬಣ್ಣ ಬಳಿದ್ರು, ಕಲೆಕ್ಟರ್‌ಗಳ ಜೇಬಿಗೆ ಕತ್ತರಿ ಬಿದ್ದಿದ್ದು ಇಲ್ಲೇ. ಬಣ್ಣ ಬದಲಾಯಿಸಿ ಬೇರೆ ಊರಿನ ಗಾಡಿ ಮಾಡ್ತೀನಿ ಅನ್ನೋರು ಕಿಟಕಿ ನೋಡ್ಕೊಳ್ಳಿ: ಉತ್ತರದ ಹೊಕ್ಕೈಡೋ ಗಾಡಿಗೆ ಚಳಿಗೆ ಅಂತ ಎರಡು ಪದರದ ಸಣ್ಣ ಕಿಟಕಿ, ಬೆಚ್ಚನೆ ಊರಿನ 2000 ನಂಬರ್ ಗಾಡಿಗೆ ದೊಡ್ಡ ಕಿಟಕಿ. ದಕ್ಷಿಣದ ಕ್ಯೂಶು ಬಾಡಿಗೆ ಹೊಕ್ಕೈಡೋ ಬಣ್ಣ ಬಳಿದ್ರೆ ಅದು ಎಲ್ಲೂ ಇಲ್ಲದ ಗಾಡಿ ಆಗುತ್ತೆ. ನಿಮಗೆ ಖುಷಿ ಅಂದ್ರೆ ನನ್ನದೇನೂ ಅಡ್ಡಿ ಇಲ್ಲ.

ಬಣ್ಣ ತೆಗೆಯೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ, ಗಾಜು, ಲೈಟಿನ ತುಂಡು ಎಲ್ಲ ಬಿಚ್ಚಿಟ್ಟು ಬರೀ ಬಾಡಿ ಮುಳುಗಿಸಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ತುಂಬಾ ಹೊತ್ತು ಬಿಟ್ರೆ ಪ್ಲಾಸ್ಟಿಕ್ ಪೆಡಸಾಗುತ್ತೆ. ನೇಲ್ ಪಾಲಿಶ್ ರಿಮೂವರ್ ಹತ್ರಾನೂ ಸುಳಿಯಬೇಡಿ, ಅಸಿಟೋನ್ ಇದ್ರೆ ಬಾಡಿನೇ ಕರಗುತ್ತೆ. ಕೆಲಸ ಕಲಿಯೋವಾಗ ಡಬ್ಬಿ ಸಮೇತ ಇರೋ ಚೊಕ್ಕ ಮಾಡೆಲ್ ಮುಟ್ಟಬೇಡಿ, ಜಂಕ್ ಅಂತ ಮಾರೋ ಮುರುಕಲು ತಗೊಳ್ಳಿ.

ನಿಮ್ಮದು ತೋಮಿಟೆಕ್‌ನವರ ರೈಲ್ವೆ ಕಲೆಕ್ಷನ್ ಸೀರೀಸ್ ಆಗಿದ್ರೆ ಉತ್ತರ ಬೇರೆ ಆಗ್ತಿತ್ತು. 2005ರಿಂದ ಬರ್ತಿರೋ ಆ ಸಣ್ಣ ಡಬ್ಬಿ ಮಾಡೆಲ್‌ಗಳು ಮೂಲದಲ್ಲಿ ಶೋಕೇಸಿಗೆ, ಚಕ್ರ ಕೂಡ ಪ್ಲಾಸ್ಟಿಕ್ಕು. ಆದ್ರೆ ಕಂಪನಿಯವರೇ ಬೋಗಿ ಉದ್ದಕ್ಕೆ ತಕ್ಕ ಹಾಗೆ 18 ಮೀಟರ್, 20 ಮೀಟರ್ ಅಂತ ರೆಡಿ ಪವರ್ ಯೂನಿಟ್ ಮಾರ್ತಾರೆ, ಕೆಳಗಿನ ಎಂಜಿನ್ ಅಚ್ಚು ಮತ್ತು ಟ್ರಕ್ಕಿನ ಪಕ್ಕದ ತುಂಡು ಹಳೇದರಿಂದ ಕಿತ್ತು ಯೂನಿಟ್ಟಿಗೆ ಸಿಕ್ಕಿಸಿ ಬಾಡಿ ಒತ್ತಿದ್ರೆ ಮುಗೀತು. ಜೊತೆಗೆ ಬರೋ ಬೋಗಿಗೆ ಲೋಹದ ಚಕ್ರ, ತೂಕ ಇರೋ ಪ್ಯಾಕೆಟ್ ಬೇರೆ ಸಿಗುತ್ತೆ.

ಎಂ ಬೋಗಿ ಬಂದ ದಿನ ಖುಷಿಯಲ್ಲಿ, ಟ್ರ್ಯಾಕಿಗೆ ಕರೆಂಟ್ ಕೊಡೋ ಜಪಾನಿನ ಕಂಟ್ರೋಲರ್ ಸೀದಾ ನಮ್ಮ ಸಾಕೆಟ್ಟಿಗೆ ಚುಚ್ಚಬೇಡಿ. ಅಲ್ಲಿ 100 ವೋಲ್ಟ್, ಇಲ್ಲಿ 230. ಅಡಾಪ್ಟರ್ ಮೇಲೆ ಇನ್‌ಪುಟ್ 100ರಿಂದ 240 ಅಂತ ಅಚ್ಚಾಗಿದ್ರೆ ಪಿನ್ ಬದಲಾಯಿಸೋ ಪ್ಲಗ್ ಸಾಕು, ಬರೀ 100 ಅಂತಿದ್ರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡಲ್ಲಿ ವಿಚಾರಿಸಿ, ಅಡಾಪ್ಟರನ್ನ ಜೊತೆಗೇ ತಗೊಂಡು ಹೋಗಿ ತೋರಿಸಿ. ಅಡಾಪ್ಟರೇ ಬದಲಾಯಿಸೋದಾದ್ರೆ ವೋಲ್ಟು, ಆಂಪಿಯರ್ ಜೊತೆ ಪಿನ್ನಿನ ಪ್ಲಸ್ಸು ಒಳಗೋ ಹೊರಗೋ ಅನ್ನೋದನ್ನೂ ತಾಳೆ ನೋಡಿ. ಟ್ರ್ಯಾಕಿಗೆ ಹೋಗೋದು ಹೆಚ್ಚಂದ್ರೆ 12 ವೋಲ್ಟ್ ಡಿಸಿ, ಹೊಸ ಗಾಡಿನ ಮೊದಲು ಅರ್ಧಕ್ಕಿಂತ ಕಮ್ಮಿಯಲ್ಲಿ ಎರಡೂ ದಿಕ್ಕಿಗೆ ಸ್ವಲ್ಪ ಹೊತ್ತು ಓಡಿಸಿ, ಆಮೇಲೆ ನಿಮ್ಮ 28ನ್ನ ಹಿಂದೆ ಸಿಕ್ಕಿಸಿ.