ಸ್ನಾಯುಕೋಶದ ಒತ್ತಡ ಮತ್ತು ಸೆಲೆನಿಯಂ ಪ್ರೋಟೀನ್‌ಗಳು: ಒಂದು ಅಧ್ಯಯನ ಟಿಪ್ಪಣಿ

ದಾವಣಗೆರೆಯಲ್ಲಿ ನನ್ನೊಂದಿಗೆ ಜೀವರಸಾಯನಶಾಸ್ತ್ರ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ ಖನಿಜವಾದ ಸೆಲೆನಿಯಂ ಎಂದೊಡನೆ ‘ಆಂಟಿಆಕ್ಸಿಡೆಂಟ್’ (ಉತ್ಕರ್ಷಣದ ಹಾನಿ ತಡೆಯುವಂಥದ್ದು) ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುವ ರೂಢಿ ನಮ್ಮಲ್ಲಿದೆ. ಸ್ನಾಯುವಿನ ಮಟ್ಟಿಗೆ ಆ ಒಂದು ಪದ ಸಾಲದು. ಯಾವ ಪ್ರೋಟೀನ್ ಕೋಶದ ಯಾವ ಭಾಗದಲ್ಲಿದ್ದು ಏನನ್ನು ಕಾಯುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ ಮಾತ್ರ ವಿಷಯ ಕೈಗೆ ಸಿಗುತ್ತದೆ.

ನಮ್ಮೂರಿನ ಗರಡಿಯಲ್ಲಿ ಬಸ್ಕಿ ಹೊಡೆಯುವ ಪೈಲ್ವಾನನ ತೊಡೆಯ ಸ್ನಾಯುವನ್ನೇ ತೆಗೆದುಕೊಳ್ಳಿ. ಸ್ನಾಯು ಸಂಕುಚಿಸಿದಾಗಲೆಲ್ಲ ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದಿಂದಲೂ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವದಿಂದಲೂ ಸೂಪರ್‌ಆಕ್ಸೈಡ್ ಎಂಬ ಚುರುಕು ಆಮ್ಲಜನಕ ರೂಪ ಹುಟ್ಟುತ್ತದೆ, ಅದು ಬೇಗನೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಇದು ಮಿತಿಯಲ್ಲಿದ್ದರೆ ಸ್ನಾಯು ಕಸರತ್ತಿಗೆ ಹೊಂದಿಕೊಳ್ಳಲು ಬೇಕಾದ ಸಂಕೇತ. ಮಿತಿ ಮೀರಿದರೆ ಪ್ರೋಟೀನ್ ಮತ್ತು ಪೊರೆಗಳಿಗೆ ಹಾನಿ.

ಆ ಮಿತಿ ಕಾಯುವವರಲ್ಲಿ ಮುಖ್ಯವಾದದ್ದು ಗ್ಲುಟಾಥಿಯೋನ್ ಪೆರಾಕ್ಸಿಡೇಸ್-1 ಎಂಬ ಕಿಣ್ವ. ಇದರಲ್ಲಿ ಸೆಲೆನಿಯಂ ಇದೆ ಎಂಬುದು 1973ರಲ್ಲಿ ತಿಳಿಯಿತು. ಗ್ಲುಟಾಥಿಯೋನ್ ಎಂಬ ಸಣ್ಣ ಪೆಪ್ಟೈಡಿನ ಎರಡು ಅಣುಗಳನ್ನು ಬಳಸಿ ಪೆರಾಕ್ಸೈಡನ್ನು ನೀರಾಗಿಸುವುದು ಇದರ ಕೆಲಸ. ಕಿಣ್ವದ ಕ್ರಿಯಾಕೇಂದ್ರದಲ್ಲಿರುವ ಸೆಲೆನೋಸಿಸ್ಟೀನ್ ಎಂಬ ಸೆಲೆನಿಯಂಯುಕ್ತ ಅಮೈನೋ ಆಮ್ಲದ ಪಿಕೆಎ (ಹೈಡ್ರೋಜನ್ ಅಯಾನನ್ನು ಎಷ್ಟು ಸುಲಭವಾಗಿ ಬಿಡುತ್ತದೆ ಎಂಬುದರ ಅಳತೆ; ಕಡಿಮೆಯಾದಷ್ಟೂ ಸುಲಭ) ಸುಮಾರು 5.2, ಸಾಮಾನ್ಯ ಸಿಸ್ಟೀನ್‌ನದು ಸುಮಾರು 8.3; ಆದ್ದರಿಂದ ಕೋಶದೊಳಗಿನ ಪಿಎಚ್‌ನಲ್ಲಿ ಸೆಲೆನಿಯಂ ಋಣಾತ್ಮಕ ಅಯಾನಾಗಿ ಸದಾ ಸಿದ್ಧವಾಗಿರುತ್ತದೆ. ಈ ಅಮೈನೋ ಆಮ್ಲಕ್ಕೆ ಸಂಕೇತ ಯುಜಿಎ, ಅಂದರೆ ಸಾಮಾನ್ಯವಾಗಿ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುವ ಕೋಡಾನ್ (ಮೂರಕ್ಷರದ ಜೀನ್ ಸಂಕೇತ). ಅಲ್ಲಿ ನಿಲ್ಲದೆ ಮುಂದೆ ಸಾಗಲು ಜೀನ್‌ನ ಸಂದೇಶ ಒಯ್ಯುವ ಎಂಆರ್‌ಎನ್‌ಎಯ ಬಾಲದ ಭಾಗದಲ್ಲಿ ವಿಶೇಷ ಮಡಿಕೆಯೊಂದು ಬೇಕಾಗುತ್ತದೆ. ಮನುಷ್ಯನಲ್ಲಿ ಸೆಲೆನೋಸಿಸ್ಟೀನ್ ಇರುವ ಇಂಥ ಪ್ರೋಟೀನ್‌ಗಳ ಜೀನ್‌ಗಳು 25. ಸೆಲೆನಿಯಂ ಕೊರತೆಯಾದರೆ ಇವೆಲ್ಲ ಒಂದೇ ಸಮನೆ ಕುಸಿಯುವುದಿಲ್ಲ: ಗ್ಲುಟಾಥಿಯೋನ್ ಪೆರಾಕ್ಸಿಡೇಸ್-1 ಬೇಗ ಇಳಿಯುತ್ತದೆ, ಪೊರೆಯ ಕೊಬ್ಬಿನ ಪೆರಾಕ್ಸೈಡ್‌ಗಳನ್ನು ತೆಗೆಯುವ ಗ್ಲುಟಾಥಿಯೋನ್ ಪೆರಾಕ್ಸಿಡೇಸ್-4 ಹೆಚ್ಚು ಕಾಲ ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಮಹತ್ವದ್ದೆನಿಸುವುದು ಸೆಲೆನೋಪ್ರೋಟೀನ್-ಎನ್. ಇದು ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನ ಪೊರೆಯಲ್ಲಿರುತ್ತದೆ. ಸ್ನಾಯು ಸಡಿಲಗೊಳ್ಳಬೇಕಾದರೆ ಕ್ಯಾಲ್ಸಿಯಂ ಮರಳಿ ಆ ಜಾಲದೊಳಗೆ ಹೋಗಬೇಕು. ಅದನ್ನು ಒಳಗೆ ಸೆಳೆಯುವ ಸೆರ್ಕಾ ಎಂಬ ಪ್ರೋಟೀನ್ ಪಂಪು ಅತಿಯಾಗಿ ಉತ್ಕರ್ಷಣಗೊಂಡರೆ (ಎಲೆಕ್ಟ್ರಾನ್ ಕಳೆದುಕೊಂಡರೆ) ಮಂದವಾಗುತ್ತದೆ. ಸೆಲೆನೋಪ್ರೋಟೀನ್-ಎನ್ ಆ ಪಂಪನ್ನು ಮತ್ತೆ ಅಪಕರ್ಷಿಸಿ (ಎಲೆಕ್ಟ್ರಾನ್ ಮರಳಿಸಿ) ಕೆಲಸಕ್ಕೆ ತರುತ್ತದೆ. ಇದರ ಜೀನ್‌ನಲ್ಲಿ ದೋಷವಿದ್ದರೆ ಬೆನ್ನುಮೂಳೆ ಬಿಗಿಯುವ, ಕತ್ತಿನ ಸ್ನಾಯು ಸೋಲುವ ಜನ್ಮಜಾತ ಕಾಯಿಲೆ ಬರುತ್ತದೆ ಎಂಬುದು 2001ರಲ್ಲಿ ಗೊತ್ತಾಯಿತು. ರೋಗಿ ನಡೆದಾಡುತ್ತಿರುವಾಗಲೇ ಉಸಿರಾಟದ ಸ್ನಾಯುಗಳು ಸೋಲಬಹುದು ಎಂಬುದು ಇದರಲ್ಲಿ ಗಂಭೀರ ಸಂಗತಿ. ಇಲ್ಲಿ ಆಹಾರದ ಸೆಲೆನಿಯಂ ಕಡಿಮೆಯಾಗಿಲ್ಲ, ಪ್ರೋಟೀನೇ ಕೆಟ್ಟಿದೆ. ಪರೀಕ್ಷೆಯಲ್ಲಿ ಕೊರತೆಯನ್ನೂ ಜೀನ್ ದೋಷವನ್ನೂ ಬೆರೆಸಿ ಬರೆಯಬಾರದು.

ಕೊರತೆಯ ಉದಾಹರಣೆ ಕುರಿಮರಿಗಳ ಬಿಳಿ ಸ್ನಾಯು ರೋಗ. ಚಳ್ಳಕೆರೆ ಕಡೆಯ ಕುರಿ ಸಾಕುವ ಮನೆಗಳಿಂದ ಬಂದವರು ಎದ್ದು ನಿಲ್ಲಲಾಗದ ಮರಿಗಳನ್ನು ನೋಡಿರಬಹುದು. ಅದಕ್ಕೆ ಕಾರಣಗಳು ಹಲವು. ಈ ರೋಗದಲ್ಲಿ ಮಾತ್ರ ಸೆಲೆನಿಯಂ ಅಥವಾ ಇ ವಿಟಮಿನ್ ಕಡಿಮೆಯಾಗಿ ಹೃದಯ ಮತ್ತು ತೊಡೆಯ ಸ್ನಾಯುಗಳಲ್ಲಿ ಬಿಳಿಚಿದ ಗೆರೆಗಳು ಕಾಣುತ್ತವೆ.

ಹಾಗೆಂದು ಗುಳಿಗೆ ನುಂಗಿ ಸ್ನಾಯು ಬೆಳೆಸಬಹುದೇ ಎಂದು ಜಿಮ್‌ಗೆ ಹೋಗುವ ತಮ್ಮಂದಿರು ಕೇಳಿದರೆ, ಬೇಡವೆಂದೇ ಹೇಳಬೇಕು. ಅಮೆರಿಕದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು, ಮೇಲ್ಮಿತಿ 400. ಅದನ್ನು ದಿನವೂ ಮೀರುತ್ತ ಹೋದರೆ ಕೂದಲು ಉದುರುತ್ತದೆ, ಉಗುರು ಸೀಳುತ್ತದೆ, ಉಸಿರಿಗೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ.