ಬಡವರ ಆಟಕ್ಕೆ ಮೊದಲು ಬೀಗ, ಸಾಹೇಬರ ನರಿ ಬೇಟೆಗೆ ಕೊನೆಗೆ

ಇಂಗ್ಲೆಂಡಿನಲ್ಲಿ ಗೂಳಿಯನ್ನು ಗೂಟಕ್ಕೆ ಕಟ್ಟಿ ನಾಯಿಗಳನ್ನು ಛೂ ಬಿಡುವ ಆಟ 1835ರಲ್ಲೇ ನಿಷೇಧವಾಯಿತು. ಕುದುರೆ ಏರಿ, ನಾಯಿಗಳ ಹಿಂಡು ಬಿಟ್ಟು ನರಿಯನ್ನು ಅಟ್ಟಿಸಿಕೊಂಡು ಹೋಗುವ ಬೇಟೆಗೆ ನಿಷೇಧ ಬಿದ್ದದ್ದು 2005ರಲ್ಲಿ. ನಡುವೆ 170 ವರ್ಷ. ಎರಡರಲ್ಲೂ ಕಚ್ಚುವುದು ನಾಯಿಯೇ, ನೋಡಿ ಖುಷಿಪಡುವುದು ಮನುಷ್ಯನೇ. ವ್ಯತ್ಯಾಸ ಇದ್ದದ್ದು ಆಡುವವರಲ್ಲಿ. ಗೂಳಿ ಆಟ ಹೆಚ್ಚಾಗಿ ಪೇಟೆಯ ಕೂಲಿಕಾರರದ್ದು. ನರಿ ಬೇಟೆ ಜಮೀನ್ದಾರರದ್ದು, ಅಂದರೆ ಸಂಸತ್ತಿನಲ್ಲಿ ಕೂತು ಕಾನೂನು ಮಾಡುತ್ತಿದ್ದವರದ್ದು.

ಇದು ಈಗ ಹಿಂತಿರುಗಿ ನೋಡಿ ಹೇಳುವ ಮಾತಲ್ಲ. 1800ರಲ್ಲಿ ಗೂಳಿ ಆಟ ನಿಲ್ಲಿಸುವ ಮಸೂದೆ ಬಂದಾಗಲೇ ವಿಲಿಯಂ ವಿಂಡಮ್ ಎಂಬ ಸಂಸದ ಇದನ್ನು ಎತ್ತಿದ್ದ. ನಮ್ಮ ಬೇಟೆ ಹಾಗೇ ಇರಬಹುದು, ಬಡವರ ಆಟ ಮಾತ್ರ ಕ್ರೂರವಾಗಿಬಿಡುತ್ತದೆಯೇ ಎಂಬುದು ಅವನ ವಾದದ ತಿರುಳು. ಅವನಿಗೆ ಗೂಳಿಯ ಮೇಲೇನೂ ಕರುಣೆ ಇರಲಿಲ್ಲ, ಆಟ ಉಳಿಯಬೇಕಿತ್ತು ಅಷ್ಟೇ. ಮಸೂದೆ ಎರಡೇ ಮತಗಳಿಂದ ಬಿದ್ದುಹೋಯಿತು. ಅವನ ಉದ್ದೇಶ ಏನೇ ಇರಲಿ, ಪ್ರಶ್ನೆ ಮಾತ್ರ ಸರಿಯಾಗೇ ಇತ್ತು.

1822ರಲ್ಲಿ ಐರ್ಲೆಂಡಿನ ಗಾಲ್ವೇಯಿಂದ ಆರಿಸಿ ಬಂದಿದ್ದ ರಿಚರ್ಡ್ ಮಾರ್ಟಿನ್ ಹಟ ಹಿಡಿದು ಒಂದು ಕಾನೂನು ತಂದ. ಕುದುರೆ, ಕತ್ತೆ, ದನ, ಕುರಿಗಳಿಗೆ ಹಿಂಸೆ ಕೊಟ್ಟರೆ ದಂಡ. ಆದರೆ ಆ ಪಟ್ಟಿಯಲ್ಲಿ ಹಸು ಇತ್ತು, ಎತ್ತು ಇತ್ತು, ಗೂಳಿ ಇರಲಿಲ್ಲ. ಹಾಗಾಗಿ ಗೂಳಿಗೆ ಈ ಕಾನೂನು ಅನ್ವಯಿಸುವುದಿಲ್ಲ ಎಂದು ಕೋರ್ಟು ಹೇಳಿಬಿಟ್ಟಿತು! 1824ರಲ್ಲಿ ಲಂಡನ್ನಿನ ಒಂದು ಕಾಫಿ ಹೌಸಿನಲ್ಲಿ ಸೇರಿದ ಕೆಲವರು ಪ್ರಾಣಿ ಹಿಂಸೆ ತಡೆಯುವ ಸಂಘ ಕಟ್ಟಿದರು. ಗುಲಾಮಗಿರಿ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಕೂಡ ಅವರಲ್ಲಿದ್ದರು. ಇವತ್ತಿನ ಆರ್‌ಎಸ್‌ಪಿಸಿಎ ಅದೇ. ಕೊನೆಗೆ 1835ರಲ್ಲಿ ಜೋಸೆಫ್ ಪೀಸ್ ಎಂಬ ಸಂಸದ ತಂದ ಕಾನೂನು ಗೂಳಿ ಆಟ, ಕರಡಿ ಆಟ, ನಾಯಿ ಕಾಳಗ, ಕೋಳಿ ಅಂಕ ಎಲ್ಲಕ್ಕೂ ಬಾಗಿಲು ಹಾಕಿತು. ಲಿಂಕನ್‌ಶೈರಿನ ಸ್ಟ್ಯಾಮ್‌ಫರ್ಡ್ ಊರಿನವರು ಬೀದಿಯಲ್ಲಿ ಗೂಳಿ ಓಡಿಸುವುದನ್ನು ಬಿಡಲಿಲ್ಲ. ಅವರನ್ನು ತಡೆಯಲು ಸೈನಿಕರನ್ನೂ ಲಂಡನ್ ಪೊಲೀಸರನ್ನೂ ಕಳಿಸಬೇಕಾಯಿತು. 1839ರ ನಂತರ ಅದೂ ನಿಂತಿತು.

ನರಿ ಬೇಟೆಗೆ ಯಾವ ಸೈನಿಕರೂ ಬರಲಿಲ್ಲ. ಆಗ ಅದು ಏರುಗತಿಯಲ್ಲಿತ್ತು. ಹಿಂದಿನ ಶತಮಾನದಲ್ಲಿ ಕಾಡು ಕಡಿಮೆಯಾಗಿ ಜಿಂಕೆ ಸಿಗುವುದು ಕಷ್ಟವಾದಾಗ ಲೀಸ್ಟರ್‌ಶೈರಿನ ಹ್ಯೂಗೋ ಮೆನೆಲ್ ಎಂಬ ಶ್ರೀಮಂತ ವೇಗವಾಗಿ ಓಡುವ ಬೇಟೆನಾಯಿಗಳ ತಳಿ ಬೆಳೆಸಿದ್ದ. ಅಲ್ಲಿಂದ ಮುಂದೆ ನರಿಯೇ ಮುಖ್ಯ ಗುರಿಯಾಯಿತು. ಬ್ರಿಟಿಷರು ಹೋದಲ್ಲೆಲ್ಲ ಇದನ್ನು ಹೊತ್ತುಕೊಂಡು ಹೋದರು. ನಮ್ಮ ಪಕ್ಕದ ಊಟಿಯಲ್ಲಿ ಇಂಗ್ಲೆಂಡಿನಂಥ ನರಿ ಸಿಗದಿದ್ದಾಗ ಇಲ್ಲಿನ ಗುಳ್ಳೆನರಿಯನ್ನೇ ಅಟ್ಟಿಸಿ ಸಮಾಧಾನಪಟ್ಟುಕೊಂಡರು.

ಬೇಟೆಯ ಪರ ಇರುವವರು ಮೊದಲಿಂದಲೂ ಹೇಳುವ ಕಾರಣ ಒಂದೇ. ನರಿ ಕೋಳಿ, ಕುರಿಮರಿ ತಿನ್ನುತ್ತದೆ, ಅದರ ಸಂಖ್ಯೆ ಹತೋಟಿಯಲ್ಲಿಡಬೇಕು. ಕೇಳಲು ಸರಿಯಾಗೇ ಇದೆ, ಅಲ್ವಾ? ಆದರೆ 19ನೇ ಶತಮಾನದಲ್ಲಿ ನರಿ ಸಾಲದೆ ಬಂದಾಗ ಇದೇ ಬೇಟೆಗಾರರು ಯುರೋಪಿನಿಂದ ನರಿ ತರಿಸುತ್ತಿದ್ದರು. ಲಂಡನ್ನಿನ ಲೆಡನ್‌ಹಾಲ್ ಮಾರುಕಟ್ಟೆಯಲ್ಲಿ ಜೀವಂತ ನರಿಗಳ ವ್ಯಾಪಾರ ನಡೆಯುತ್ತಿತ್ತು. ನರಿ ಮರಿ ಹಾಕಲಿ ಎಂದು ಬೇಟೆ ತಂಡಗಳು ತಾವೇ ಬಿಲ ಕಟ್ಟಿಸಿಕೊಟ್ಟದ್ದೂ ಉಂಟು. 2001ರಲ್ಲಿ ಕಾಲುಬಾಯಿ ಜ್ವರ ಹರಡಿ ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಬೇಟೆ ನಿಂತಿತ್ತು. ಆ ಅವಧಿಯನ್ನು ಅಧ್ಯಯನ ಮಾಡಿದ ವಿಜ್ಞಾನಿಗಳಿಗೆ ನರಿಗಳ ಸಂಖ್ಯೆ ಜಾಸ್ತಿಯಾದ ಸುಳಿವೇ ಸಿಗಲಿಲ್ಲ. ಹತೋಟಿಯ ಮಾತು ನನಗಂತೂ ನೆಪದಂತೆಯೇ ಕಾಣುತ್ತದೆ.

1911ರ ಪ್ರಾಣಿ ರಕ್ಷಣೆ ಕಾನೂನು ಸಾಕುಪ್ರಾಣಿಗಳಿಗೆ ಒಳ್ಳೆಯ ರಕ್ಷಣೆ ಕೊಟ್ಟಿತು, ಬೇಟೆಯನ್ನು ಮಾತ್ರ ಹೊರಗಿಟ್ಟಿತು. ಆರ್‌ಎಸ್‌ಪಿಸಿಎ ಕೂಡ ಬೇಟೆಯ ವಿಷಯ ಬಂದಾಗ ಮೆತ್ತಗಾಗುತ್ತಿತ್ತು. ದೊಡ್ಡ ಮನೆತನದವರೇ ಅದರ ಬೆಂಬಲಿಗರಾಗಿದ್ದಾಗ ಬೇರೇನು ನಿರೀಕ್ಷಿಸುವುದು? ಇದರಿಂದ ಬೇಸತ್ತ ಹೆನ್ರಿ ಏಮಸ್ ಮತ್ತು ಅರ್ನೆಸ್ಟ್ ಬೆಲ್ 1924ರಲ್ಲಿ ಕ್ರೂರ ಆಟಗಳ ವಿರುದ್ಧವೇ ಬೇರೆ ಸಂಘ ಶುರುಮಾಡಿದರು. ಈ ಸಂಘ ಸುಮ್ನೆ ಮನವಿ ಬರೆದುಕೊಂಡು ಕೂರಲಿಲ್ಲ. ಮುಂದೆ ಎಕ್ಸ್‌ಮೂರ್ ಕಡೆ ಜಿಂಕೆ ಬೇಟೆಯ ಪ್ರದೇಶದಲ್ಲೇ ಜಮೀನು ಕೊಂಡು ಅಭಯಧಾಮ ಮಾಡಿತು. ನಮ್ಮ ಜಾಗಕ್ಕೆ ನಾಯಿ ಬಿಡುವಂತಿಲ್ಲ ಎಂದರೆ ಬೇಟೆಯ ದಾರಿಯೇ ತುಂಡಾಗುತ್ತದೆ. ಆಸ್ತಿಯ ಹಕ್ಕನ್ನೇ ಜಮೀನ್ದಾರರ ವಿರುದ್ಧ ಬಳಸಿದ ಈ ಜಾಣತನ ನನಗೆ ತುಂಬ ಇಷ್ಟ.

1949ರಲ್ಲಿ ನಿಷೇಧದ ಮಸೂದೆ ಬಂದಾಗ ಅಧಿಕಾರದಲ್ಲಿದ್ದದ್ದು ಲೇಬರ್ ಪಕ್ಷ. ಕಾರ್ಮಿಕರ ಪಕ್ಷವಾದರೂ ಹಳ್ಳಿಯ ಮತಗಳ ಭಯ. ಮಸೂದೆ ಸೋತಿತು, ಒಂದು ಸಮಿತಿ ನೇಮಕವಾಯಿತು, ಆ ಸಮಿತಿ 1951ರಲ್ಲಿ ನರಿ ಬೇಟೆ ಮುಂದುವರಿದರೂ ತೊಂದರೆಯಿಲ್ಲ ಎಂಬರ್ಥದ ವರದಿ ಕೊಟ್ಟಿತು. 1963ರಲ್ಲಿ ಕೆಲವು ಯುವಕರು ಬೇರೆ ದಾರಿ ಹಿಡಿದರು. ಬೇಟೆ ನಡೆಯುವಲ್ಲಿಗೇ ಹೋಗಿ, ಮಾಂಸ ಎಸೆದು, ಕಹಳೆ ಊದಿ ನಾಯಿಗಳ ದಾರಿ ತಪ್ಪಿಸಿದರು. ನೀರುನಾಯಿಗಳ ಸಂಖ್ಯೆ ತೀರಾ ಕುಸಿದ ಮೇಲೆ 1978ರಲ್ಲಿ ಅವುಗಳಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ನರಿ ಮಾತ್ರ ಕಾಯುತ್ತಲೇ ಇತ್ತು.

1997ರಲ್ಲಿ ಲೇಬರ್ ಭಾರೀ ಬಹುಮತದಿಂದ ಗೆದ್ದ ಮೇಲೆ ಚಿತ್ರ ಬದಲಾಯಿತು. ಆ ವರ್ಷ ಮೈಕೇಲ್ ಫಾಸ್ಟರ್ ತಂದ ಖಾಸಗಿ ಮಸೂದೆಗೆ 411 ಮತ ಪರ, 151 ವಿರುದ್ಧ. ಆದರೂ ಸಮಯ ಸಾಲದೆ ಅದು ಸತ್ತುಹೋಯಿತು. ಸರ್ಕಾರ ನೇಮಿಸಿದ ಬರ್ನ್ಸ್ ಸಮಿತಿ 2000ದಲ್ಲಿ ಬೇಟೆಯಿಂದ ನರಿಗೆ ಗಂಭೀರ ತೊಂದರೆ ಆಗುತ್ತದೆ ಎಂದು ಒಪ್ಪಿತು, ಕ್ರೂರ ಎಂಬ ಪದ ಮಾತ್ರ ಬಳಸಲಿಲ್ಲ. ಸ್ಕಾಟ್ಲೆಂಡ್ 2002ರಲ್ಲಿ ತಾನೇ ಕಾನೂನು ಮಾಡಿಕೊಂಡಿತು. ಅದೇ ವರ್ಷ ಲಂಡನ್ನಿನಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಬೇಟೆಯ ಪರ ಮೆರವಣಿಗೆ ಮಾಡಿದರು. ನಗರದವರಿಗೆ ಹಳ್ಳಿಯ ಬದುಕು ಏನು ಗೊತ್ತು ಎಂಬುದು ಅವರ ಸಿಟ್ಟು. ಕಂಬಳಕ್ಕೆ ತಡೆ ಬಿದ್ದಾಗ ಕರಾವಳಿಯಲ್ಲಿ ಕೇಳಿದ್ದೂ ಇದೇ ಮಾತು. ಕೋಣ ಓಡಿಸುವುದೂ ನರಿ ಕೊಲ್ಲುವುದೂ ಒಂದೇ ಅಲ್ಲ, ಸಿಟ್ಟಿನ ಧಾಟಿ ಮಾತ್ರ ಅದೇ.

2004ರ ಸೆಪ್ಟೆಂಬರ್‌ನಲ್ಲಿ ಬೇಟೆಯ ಪರ ಇದ್ದ ಕೆಲವರು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯೊಳಗೇ ನುಗ್ಗಿದರು. ಮೇಲ್ಮನೆಯಾದ ಲಾರ್ಡ್ಸ್ ಸಭೆ ಬೇಟೆ ನಿಷೇಧದ ಮಸೂದೆಗೆ ಅಡ್ಡಗಾಲು ಹಾಕಿತು. ಕೊನೆಗೆ ಲಾರ್ಡ್ಸ್ ಒಪ್ಪಿಗೆಯಿಲ್ಲದೇ ಕಾನೂನು ಮಾಡಬಹುದಾದ ಅಪರೂಪದ ಅಧಿಕಾರವನ್ನು ಬಳಸಿ ನವೆಂಬರ್ 18ರಂದು ಅಂಗೀಕರಿಸಲಾಯಿತು. ಜಾರಿಗೆ ಬಂದದ್ದು 2005ರ ಫೆಬ್ರುವರಿ 18ರಂದು. ನಾಯಿಗಳಿಂದ ಮೊಲ ಅಟ್ಟಿಸುವ ವಾಟರ್ಲೂ ಕಪ್ ಪಂದ್ಯ 1836ರಿಂದ ನಡೆದು ಬಂದಿತ್ತು. ಅದೇ ವಾರ ಅದರ ಕೊನೆಯ ಆಟ ಮುಗಿಯಿತು.

ಕಾನೂನು ಬಂತು, ಬೇಟೆ ತಂಡಗಳು ಎಲ್ಲೂ ಹೋಗಲಿಲ್ಲ. ಕೆಂಪು ಕೋಟು, ಕುದುರೆ, ನಾಯಿಗಳ ಹಿಂಡು ಎಲ್ಲ ಹಾಗೇ ಇವೆ. ಈಗ ಅವರು ಮಾಡುವುದು ವಾಸನೆ ಬೇಟೆಯಂತೆ. ಮೊದಲೇ ಒಬ್ಬರು ನೆಲದ ಮೇಲೆ ವಾಸನೆಯ ಜಾಡು ಎಳೆದುಕೊಂಡು ಹೋಗುತ್ತಾರೆ, ನಾಯಿಗಳು ಅದನ್ನು ಹಿಡಿದು ಓಡುತ್ತವೆ. ಹಲವು ಕಡೆ ಆ ವಾಸನೆ ನರಿ ಮೂತ್ರದ್ದೇ. ನರಿಯ ವಾಸನೆ ಕಲಿಸಿದ ನಾಯಿಗಳನ್ನು ನರಿ ಇರುವ ಪೊದೆಯ ಪಕ್ಕ ಬಿಟ್ಟರೆ ಏನಾಗುತ್ತದೆ ಹೇಳಿ? ನರಿ ಸತ್ತರೆ ಅದು ಆಕಸ್ಮಿಕ. ಉದ್ದೇಶ ಇತ್ತೆಂದು ಕೋರ್ಟಿನಲ್ಲಿ ತೋರಿಸುವುದು ಕಷ್ಟ. ತೋರಿಸಿದರೂ ದಂಡ ಮಾತ್ರ, ಜೈಲಿಲ್ಲ.

ಈ ಕಿಂಡಿ ಮುಚ್ಚುವ ಒತ್ತಡ ಹೆಚ್ಚುತ್ತಿದೆ. 2021ರಲ್ಲಿ, ಹಳೆಯ ಕಟ್ಟಡ, ಕಾಡು-ಬಯಲುಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ತನ್ನ ಜಮೀನಿನಲ್ಲಿ ವಾಸನೆ ಬೇಟೆ ನಿಲ್ಲಿಸಿತು. 2023ರಲ್ಲಿ ಸ್ಕಾಟ್ಲೆಂಡ್ ತನ್ನ ಹಳೆಯ ಕಾನೂನು ಬಿಗಿ ಮಾಡಿತು. 2024ರ ಚುನಾವಣೆಯಲ್ಲಿ ಲೇಬರ್ ಪಕ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೂ ವಾಸನೆ ಬೇಟೆ ನಿಷೇಧಿಸುವ ಮಾತು ಕೊಟ್ಟು ಗೆದ್ದಿತು. ಉತ್ತರ ಐರ್ಲೆಂಡಿನ ವಿಧಾನಸಭೆಯಲ್ಲಿ ಮಾತ್ರ 2021ರ ಡಿಸೆಂಬರ್‌ನಲ್ಲಿ ಬಂದ ನಿಷೇಧದ ಮಸೂದೆ 38 ಮತ ಪಡೆದು 45 ಮತಗಳಿಗೆ ಸೋತಿತು.