ಹಾಡ್ಯಾಡಿ ಅಳುತ್ತಿದ್ದ ಊರಿಗೆ ಕಾದಂಬರಿ ಬಂದದ್ದು

ದುಃಖದ ಕಾದಂಬರಿ ಎಂದರೆ ನಮಗೆ ಒಂದು ಚಿತ್ರ ಗೊತ್ತಿದೆ. ಗಂಡನನ್ನೋ ಮಗುವನ್ನೋ ಕಳೆದುಕೊಂಡವರು ಬಾಗಿಲು ಹಾಕಿಕೊಂಡು ಒಳಗೆ ಕೂತಿರುತ್ತಾರೆ. ಯಾರ ಹತ್ತಿರವೂ ಮಾತಾಡುವುದಿಲ್ಲ. ಕಥೆ ಮುಗಿಯುವ ಹೊತ್ತಿಗೆ ಹೇಗೋ ಆ ಬಾಗಿಲು ತೆರೆಯುತ್ತದೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಮುಚ್ಚಿದ ಬಾಗಿಲು ಸ್ವಲ್ಪ ವಿಚಿತ್ರ ಅನಿಸುತ್ತದೆ. ನಮ್ಮಲ್ಲಿ ಸಾವಿನ ಮನೆಯ ಬಾಗಿಲು ಹಾಕುವ ಪದ್ಧತಿಯೇ ಇರಲಿಲ್ಲ. ಮಣ್ಣಿಗೆ ಊರೇ ಬರುತ್ತಿತ್ತು. ಮಣ್ಣಾದ ಮೇಲೂ ವಾರಗಟ್ಟಲೆ ಬೀಗರು, ಗೆಳೆಯರು, ಹೊಲದ ನೆರೆಯವರು ಮಾತಾಡಿಸಿಕೊಂಡು ಹೋಗಲು ಬರುತ್ತಿದ್ದರು. ಬಂದವರಿಗೆಲ್ಲ ಅದೇ ಕಥೆ ಮತ್ತೆ ಹೇಳಬೇಕು. ಹ್ಯಾಂಗಾತು, ಯಾವಾಗಾತು, ಕೊನೀಗೆ ಏನಂದ್ರು. ಹೇಳುತ್ತ ಹೇಳುತ್ತ ಆ ಸಾವು ಹೇಳಬಲ್ಲ ಕಥೆಯಾಗುತ್ತಿತ್ತು. ಕಾದಂಬರಿಕಾರರು ಮುನ್ನೂರು ಪುಟಗಳಲ್ಲಿ ಮಾಡುವ ಕೆಲಸದ ಒಂದು ಭಾಗ ಇದೇ ಅಲ್ವಾ?

ಇನ್ನು ಹೆಂಗಸರು ಹಾಡ್ಯಾಡಿ ಅಳುತ್ತಿದ್ದರು. ಹೊಸಬರು ಬಂದ ಕೂಡಲೇ ಕೊರಳಿಗೆ ಬಿದ್ದು, ಒಂದು ಧಾಟಿ ಹಿಡಿದು ಶುರು ಮಾಡುತ್ತಿದ್ದರು. ಸತ್ತವರನ್ನೇ ಎದುರಿಗೆ ಕೂರಿಸಿಕೊಂಡಂತೆ ಮಾತು. ಇನ್ನ ಯಾರಿಗೆ ಬುತ್ತಿ ಕಟ್ಟಲಿ, ಎತ್ತಿನ ಕೊರಳಾಗಿನ ಗೆಜ್ಜಿ ಕೇಳಿದ್ರ ಯಾರು ಬಂದ್ರು ಅನ್ನಲಿ. ಅದರಲ್ಲೇ ಸಾಲದ ಲೆಕ್ಕ ಬರುತ್ತಿತ್ತು, ಮಗಳ ಮದುವೆಯ ಚಿಂತೆ ಬರುತ್ತಿತ್ತು. ಅತ್ತೆ ಕೊಟ್ಟ ಕಾಟ, ತಮ್ಮ ಮಾಡಿದ ಮೋಸ ಕೂಡ ಬರುತ್ತಿತ್ತು. ಬೇರೆ ದಿನ ಬಾಯಿ ಬಿಟ್ಟರೆ ಜಗಳವಾಗುವ ಮಾತನ್ನು ಆ ದಿನ ಎಲ್ಲರೂ ಸುಮ್ನೆ ಕೇಳಿಸಿಕೊಳ್ಳುತ್ತಿದ್ದರು. ಇದನ್ನು ಬರೀ ಗೋಳಾಟ ಎಂದು ತಳ್ಳಿಹಾಕಿದವರು ಅದರೊಳಗಿನ ಮಾತನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದೇ ನಾನು ಹೇಳುತ್ತೇನೆ.

ವಿಶೇಷವೆಂದರೆ ಇದೇ ನೆಲದಲ್ಲಿ ಸಾವಿಗೆ ಅಳಬೇಡಿ ಎನ್ನುವ ವಿಚಾರವೂ ಗಟ್ಟಿಯಾಗಿ ಬೇರು ಬಿಟ್ಟಿದೆ. ಬಸವಣ್ಣ ಹುಟ್ಟಿದ ಬಸವನ ಬಾಗೇವಾಡಿ ಇರುವುದು ವಿಜಯಪುರ ಜಿಲ್ಲೆಯಲ್ಲಿ. ಐಕ್ಯವಾದ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿದೆ. ಶರಣರು ಸಾವಿನ ಸೂತಕವನ್ನು ಒಪ್ಪಲಿಲ್ಲ. ಮರಣವೇ ಮಹಾನವಮಿ ಎಂದರು. ಇಂದಿಗೂ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಕೂಡಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ, ರಾತ್ರಿಯಿಡೀ ಭಜನೆ ಮಾಡುತ್ತಾರೆ. ಪಡಸಾಲೆಯಲ್ಲಿ ಏಕತಾರಿ, ತಾಳ, ತತ್ವಪದ. ಅಲ್ಲೇ ಪಕ್ಕದಲ್ಲಿ ಹೆಂಗಸರ ಅಳು. ಒಂದು ಇನ್ನೊಂದನ್ನು ಬಾಯಿ ಮುಚ್ಚಿಸಲಿಲ್ಲ.

ಮೊಹರಂ ಇನ್ನೂ ದೊಡ್ಡ ಕಥೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದರು. ಆದಿಲಶಾಹಿಗಳ ಕಾಲದಲ್ಲಿ ಬಿಜಾಪುರದ ಕವಿಗಳು ಆ ಸಾವನ್ನು ನೆನೆದು ದಖನಿ ಉರ್ದುವಿನಲ್ಲಿ ಮರ್ಸಿಯಾ, ಅಂದರೆ ಶೋಕಗೀತೆ, ಬರೆದರು. ಹಳ್ಳಿಗಳಲ್ಲಿ ಅದೇ ಕಥೆ ಕನ್ನಡದ ರಿವಾಯತ ಪದವಾಯಿತು. ಮುಸ್ಲಿಮರ ಮನೆಯೇ ಇಲ್ಲದ ಊರಲ್ಲೂ ಹಸ್ತದ ಆಕಾರದ ಪಂಜಾ ಕೂಡಿಸುತ್ತಾರೆ, ಬೆಂಕಿ ಹಾಕಲು ಅಲಾಯಿ ಕುಣಿ ತೋಡುತ್ತಾರೆ. ಕುರುಬರು, ಲಿಂಗಾಯತರು, ದಲಿತರು ಸೇರಿ ಹೆಜ್ಜೆ ಹಾಕುತ್ತಾರೆ. ಹಾಡುವವರು ಬಹುತೇಕ ಗಂಡಸರು. ನಮ್ಮ ಗಂಡಸರು ಹತ್ತು ಮಂದಿಯ ನಡುವೆ ನಾಚಿಕೆಯಿಲ್ಲದೆ ದುಃಖ ಹಾಡುವ ಜಾಗ ಇದೊಂದೇ ಇತ್ತೇನೋ. ಕರ್ಬಲಾದಲ್ಲಿ ಬಾಯಾರಿ ಬಳಲಿದ್ದಾಗಲೇ ಬಾಣ ತಾಗಿ ಸತ್ತ ಹಸುಗೂಸಿನ ಪದ ಹಾಡುವಾಗ ತಮ್ಮ ಮನೆಯ ಕೂಸು ನೆನಪಾಗಿ ಕಣ್ಣು ಒರೆಸಿಕೊಂಡವರನ್ನು ನಾನು ನೋಡಿದ್ದೇನೆ.

ಹಳ್ಳಿಯ ಹಾಡುಗಳೆಲ್ಲ ಬಾಯಿಂದ ಬಾಯಿಗೆ ಬಂದವು. ಅವುಗಳಲ್ಲಿ ಹಲವನ್ನು ಕಾಗದಕ್ಕೆ ಇಳಿಸಿದ್ದು ಭೀಮಾ ತೀರದ ಹಲಸಂಗಿಯ ಗೆಳೆಯರು: ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮತ್ತು ಅವರ ಜೊತೆಗಾರರು. ಅವರು ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ತ್ರಿಪದಿಗಳು ಅವು. ತವರಿನ ಸಂಭ್ರಮ, ತೊಟ್ಟಿಲು, ಗಂಡನ ಪ್ರೀತಿ ಇದ್ದ ಹಾಗೆ ತಾಯಿ ಇಲ್ಲದ ತವರಿನ ಸಂಕಟ, ಮಕ್ಕಳಿಲ್ಲದವಳ ಕೊರಗೂ ಅಲ್ಲಿವೆ. ಮೂರು ದಿನ, ಹನ್ನೊಂದು ದಿನ, ಹದಿಮೂರು ದಿನ ಎಂದು ಊರು ದುಃಖಕ್ಕೆ ಗಡುವು ಹಾಕಿತ್ತು. ಬೀಸುವ ಕಲ್ಲಿಗೆ ಆ ಗಡುವು ಗೊತ್ತಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಸತ್ತ ಅವ್ವನ ಹೆಸರನ್ನು ಅದರ ಮುಂದೆ ಕೂತು ಹಿಡಿಯಬಹುದಿತ್ತು. ನನ್ನ ಮಟ್ಟಿಗೆ ನಮ್ಮ ಭಾಗದ ದುಃಖದ ಸಾಹಿತ್ಯ ಶುರುವಾಗುವುದೇ ಆ ಪುಸ್ತಕದಿಂದ.

ಹಾಡಿಗೂ ಮೀರಿದ ಸಾವುಗಳು ಬಂದದ್ದೂ ಉಂಟು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೇ ಈ ಕಡೆಗೂ ಬಂತು. ಆಗ ಬೆಳಗಾವಿ, ಬಿಜಾಪುರ ಎರಡೂ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಜನ ಮನೆ ಬಿಟ್ಟು ಹೊಲದ ಗುಡಿಸಲಿಗೆ ಹೋದರು. 1918ರ ಇನ್‌ಫ್ಲುಯೆಂಜಾ ಅದಕ್ಕಿಂತ ಬಿರುಸಾಗಿ ಬಂತು. ಮನೆಮನೆಯಲ್ಲೂ ಹೆಣ ಬಿದ್ದಾಗ ಯಾರು ಯಾರನ್ನು ಮಾತಾಡಿಸಲು ಹೋಗಬೇಕು?

ಆ ಕಾಲದ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳೇ ಮುಂದೆ ಕಾದಂಬರಿ ಬರೆದರು. ಬೀಳಗಿಯ ಕೃಷ್ಣಮೂರ್ತಿ ಪುರಾಣಿಕ, ಶೇಡಬಾಳದ ಮಿರ್ಜಿ ಅಣ್ಣಾರಾಯ, ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿ, ಜಮಖಂಡಿ ಕಡೆಯ ರಾವಬಹಾದ್ದೂರ. ಇವರೆಲ್ಲ ಬೇರೆ ಬೇರೆ ದಾರಿಯವರು. ಆದರೂ ಇಂಥ ಕಾದಂಬರಿಗಳಿಂದ ಒಂದು ಬದಲಾವಣೆ ಆಯಿತು. ಅಳು ಹಾಡಾಗಿದ್ದಾಗ ಅದನ್ನು ಕೇಳಲು ಹತ್ತು ಜನ ಬೇಕಿತ್ತು. ಕಾದಂಬರಿಯನ್ನು ಒಬ್ಬರೇ ಓದಬಹುದು. ಅಷ್ಟೇ ಅಲ್ಲ, ಸಾವಿನ ಮನೆಯ ಕಟ್ಟೆಯ ಮೇಲೆ ಮುಖಕ್ಕೆ ಟವೆಲ್ ಹಿಡಿದು ಸುಮ್ಮನೆ ಕೂರುತ್ತಿದ್ದ ಗಂಡಸಿನ ತಲೆಯೊಳಗೆ ಏನು ನಡೆದಿದೆ ಎಂದು ಹೇಳಲು ಅಲ್ಲಿ ಜಾಗ ಸಿಕ್ಕಿತು. ಹಾಡ್ಯಾಡಿ ಅಳಲು ಆತನಿಗೆ ಅವಕಾಶವೇ ಇರಲಿಲ್ಲ. ಹೊಲಕ್ಕೆ ಮರಳಿ ಹೋಗಬೇಕಿತ್ತು. ಇದು ಕಾದಂಬರಿ ಮಾಡಿದ ದೊಡ್ಡ ಉಪಕಾರ.

ಇದೇ ಹೊತ್ತಿಗೆ ವೈದ್ಯರೂ ದುಃಖವನ್ನು ಅಳೆಯಲು ಶುರು ಮಾಡಿದ್ದರು. 1917ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಹೇಳಿದ್ದು ಸುಮಾರಾಗಿ ಹೀಗೆ: ಸತ್ತವರ ಮೇಲಿನ ಮನಸ್ಸನ್ನು ಮೆಲ್ಲಗೆ ಬಿಡಿಸಿಕೊಳ್ಳುವುದೇ ದುಃಖದ ಕೆಲಸ. 1942ರಲ್ಲಿ ಬಾಸ್ಟನ್‌ನ ಒಂದು ನೈಟ್ ಕ್ಲಬ್ಬಿಗೆ ಬೆಂಕಿ ಬಿದ್ದು 492 ಮಂದಿ ಸತ್ತರು. ಅಲ್ಲಿ ತಮ್ಮವರನ್ನು ಕಳೆದುಕೊಂಡವರನ್ನೂ ನೋಡಿ, 1944ರಲ್ಲಿ ಮನೋವೈದ್ಯ ಎರಿಕ್ ಲಿಂಡೆಮನ್ ತೀವ್ರ ದುಃಖದ ಲಕ್ಷಣಗಳನ್ನು ಬರೆದರು. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ ಅವರ ಐದು ಹಂತಗಳು ಬಂದವು: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಅವು ಮೂಲದಲ್ಲಿ ಸಾಯುತ್ತಿರುವ ರೋಗಿಗಳ ಬಗ್ಗೆ ಬರೆದವು. ಆಮೇಲೆ ಎಲ್ಲ ದುಃಖಕ್ಕೂ ಅವನ್ನೇ ಹಚ್ಚಿದರು. ಎಷ್ಟೋ ಕಾದಂಬರಿ, ಸಿನಿಮಾಗಳು ಇವತ್ತಿಗೂ ಅದೇ ಮೆಟ್ಟಿಲು ಹತ್ತುತ್ತವೆ.

ಗಾಳಿ ತಿರುಗಿದ್ದು 1990ರ ದಶಕದಲ್ಲಿ. ಸತ್ತವರ ಜೊತೆಗಿನ ನಂಟು ಕಡಿಯಬೇಕಿಲ್ಲ, ಬೇರೆ ರೂಪದಲ್ಲಿ ಮುಂದುವರಿಯುವುದು ಸಹಜ ಎಂದು 1996ರಲ್ಲಿ ಅಮೆರಿಕದ ಸಂಶೋಧಕರು ವಾದಿಸಿದರು. 1999ರಲ್ಲಿ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶೂಟ್ ಇನ್ನೊಂದು ಮಾತು ಸೇರಿಸಿದರು. ದುಃಖದಲ್ಲಿರುವವರು ಒಂದು ಹೊತ್ತು ನೋವಿನ ಕಡೆಗೂ ಇನ್ನೊಂದು ಹೊತ್ತು ಬದುಕಿನ ಕೆಲಸದ ಕಡೆಗೂ ತೂಗುತ್ತಿರುತ್ತಾರೆ, ಎರಡೂ ಬೇಕು ಎಂದರು. ಹಿಟ್ಟು ಬೀಸುತ್ತ ಸತ್ತ ಅವ್ವನನ್ನು ಕರೆಯುತ್ತಿದ್ದ ಹಲಸಂಗಿಯ ಹೆಣ್ಣುಮಗಳು ಈ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದಳು.

ಗಡುವಿನ ಪ್ರಶ್ನೆ ಮತ್ತೆ ಬಂತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘಕಾಲದ ದುಃಖ ಒಂದು ಕಾಯಿಲೆಯಾಗಿ ಸೇರಿದೆ. ಕನಿಷ್ಠ ಆರು ತಿಂಗಳು ದಾಟಿರಬೇಕು ಎನ್ನುತ್ತದೆ ಅದು. ಅದೇ ವರ್ಷ ಅಮೆರಿಕದ ಮನೋವೈದ್ಯರ ಕೈಪಿಡಿ ದೊಡ್ಡವರಿಗೆ ಒಂದು ವರ್ಷ ಎಂದಿತು. ಎರಡೂ ಬರೀ ದಿನ ಎಣಿಸುವುದಿಲ್ಲ. ದುಃಖ ಬದುಕನ್ನೇ ನಿಲ್ಲಿಸಿದೆಯಾ, ಅವರ ಸಮಾಜದ ರೂಢಿಯನ್ನು ಮೀರಿದೆಯಾ ಎಂದೂ ಕೇಳುತ್ತವೆ. ಇದನ್ನು ಕೇಳಿ ಹೆದರಬೇಕಿಲ್ಲ. ವರ್ಷವಾದರೂ ಊಟ, ನಿದ್ದೆ, ಕೆಲಸ ಹಳಿಗೆ ಬರದವರಿಗೆ ನೆರವು ಸಿಗಬೇಕಾದರೆ ಹೀಗೊಂದು ಗುರುತು ಬೇಕು.

ಕೋವಿಡ್ ಈ ಇಡೀ ಇತಿಹಾಸವನ್ನು ಒಮ್ಮೆಲೇ ನಮ್ಮ ಮುಂದೆ ತಂದಿತು. 2020ರಲ್ಲಿ ಮಣ್ಣಿಗೆ 20 ಮಂದಿಗಿಂತ ಜಾಸ್ತಿ ಸೇರುವಂತಿರಲಿಲ್ಲ. ಕೊರಳಿಗೆ ಬಿದ್ದು ಅಳುವುದಂತೂ ದೂರದ ಮಾತು. ಮುಖ ನೋಡದೆ ಕಳಿಸಿಕೊಟ್ಟವರು ನಮ್ಮ ನಡುವೆ ಇದ್ದಾರೆ. ಅವರ ಕಥೆ ಕೇಳಲು ಯಾರೂ ಬರಲಿಲ್ಲ. ನಿರ್ಬಂಧ ಮುಗಿದ ಮೇಲೆ ಹಳೆಯ ಸಾವಿಗೆ ಮಾತಾಡಿಸಲು ಹೋಗುವುದು ಹೇಗೆಂದು ಎಷ್ಟೋ ಜನ ಹಿಂಜರಿದರು. ಇಂಥವರ ಕೈಗೆ ದುಃಖದ ಕಾದಂಬರಿಯೊಂದು ಸಿಕ್ಕರೆ ಅದು ಹೊತ್ತು ಕಳೆಯುವ ಓದಲ್ಲ. ಮಾತಾಡಿಸಲು ಬರಬೇಕಿದ್ದ ಬೀಗರ ಜಾಗದಲ್ಲಿ ಅದು ಬಂದು ಕೂರುತ್ತದೆ.

ಆದರೆ ಪುಸ್ತಕ ಕೇಳಿಸಿಕೊಳ್ಳುವುದಿಲ್ಲ, ಹೇಳುತ್ತದೆ ಅಷ್ಟೇ. ಕೇಳಿಸಿಕೊಳ್ಳಲು ಈಗ 14416ರ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ನಮ್ಮದೇ ಬಳ್ಳಾರಿಯಲ್ಲಿ ನಡೆದ ಪ್ರಯೋಗದಿಂದ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಇದೆ. ಹಳ್ಳಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಗರತಿಯ ಹಾಡು ಇರಲಿ, ನಾಲ್ಕು ಕಾದಂಬರಿ ಇರಲಿ. ವಾರಕ್ಕೊಮ್ಮೆ ಯಾರಾದರೂ ಗಟ್ಟಿಯಾಗಿ ಓದಲಿ, ಆಮೇಲೆ ಮಾತಿಗೆ ಹೊತ್ತು ಬಿಡಲಿ. ಧಾಟಿ ಗೊತ್ತಿರುವ ಅಜ್ಜಿಯರು ಇಂಡಿ, ಮುಧೋಳ, ಅಥಣಿ ಕಡೆಯ ಊರುಗಳಲ್ಲಿ ಇನ್ನೂ ಇದ್ದಾರೆ. ಅವರು ಒಪ್ಪಿದರೆ ಫೋನಿನಲ್ಲಾದರೂ ಆ ಪದಗಳನ್ನು ರೆಕಾರ್ಡ್ ಮಾಡಿಕೊಳ್ಳುವ ಕೆಲಸ ಈ ವರ್ಷವೇ ಆಗಬೇಕು.